ಪಾಯದ ದುರಸ್ತಿಗೆ ಮನೆ ವಿಮೆ: ಹಾಸನ, ಚಿಕ್ಕಮಗಳೂರಿನ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಒಂದೇ ಗೋಡೆ, ಒಂದೇ ಅಗಲದ ಬಿರುಕು. ಮನೆ ಹಿಂದಿನ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ, ಜಾರಿ ಪಾಯ ಅಲುಗಿ ಅದು ಬಂದಿದ್ದರೆ ದುರಸ್ತಿ ಖರ್ಚು ವಿಮಾ ಕಂಪನಿಯದು. ಮನೆ ಕಟ್ಟುವಾಗ ಇಳಿಜಾರಿಗೆ ತುಂಬಿದ ಮಣ್ಣು ಕೂತು ಬಂದಿದ್ದರೆ ಬಿಡಿಗಾಸೂ ಇಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಎಷ್ಟೋ ಸೈಟುಗಳು ಅರ್ಧ ಗುಡ್ಡ ಕಡಿದು, ಅದೇ ಮಣ್ಣನ್ನು ಕೆಳಕ್ಕೆ ತಳ್ಳಿ ಮಟ್ಟ ಮಾಡಿದಂಥವು. ಹಾಗಾಗಿ ಈ ಎರಡೂ ಕಾರಣಗಳು ಒಂದೇ ಮನೆಯಡಿ ಅಕ್ಕಪಕ್ಕ ಇರುತ್ತವೆ. ಕ್ಲೇಮಿನ ಜಗಳ ಹುಟ್ಟುವುದೂ ಅಲ್ಲೇ. ಯಾವ ದಿನ ಏನಾಯಿತು, ಅದಕ್ಕೆ ಮೊದಲು ಮನೆ ಹೇಗಿತ್ತು ಎಂಬುದನ್ನು ಕಾಗದದಲ್ಲಿ ತೋರಿಸಬಲ್ಲವರಿಗೆ ಹಣ ಬರುತ್ತದೆ. ಕೆಳಗಿನ ಕೆಲಸಗಳಲ್ಲಿ ಅರ್ಧಕ್ಕೂ ಹೆಚ್ಚು ಮಳೆಗಾಲಕ್ಕೆ ಮುಂಚೆಯೇ ಮುಗಿಯಬೇಕಾದವು.

ಹಂತ 1: ಪಾಲಿಸಿ ತೆಗೆದು ಎರಡು ಪುಟ ಓದಿ

2021ರ ಏಪ್ರಿಲ್ 1ರಿಂದ ದೇಶದಲ್ಲಿ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’ ಎಂಬ ಪ್ರಮಾಣಿತ ಪಾಲಿಸಿ ಜಾರಿಯಲ್ಲಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ರೂಪಿಸಿದ್ದು. ಯಾವ ಕಂಪನಿಯಿಂದ ಕೊಂಡರೂ ಮೂಲ ಷರತ್ತು ಒಂದೇ. ಬ್ಯಾಂಕಿನಲ್ಲಿ ಗೃಹಸಾಲ ಪಡೆದಿದ್ದರೆ ಸಾಲದ ಜೊತೆಗೇ ಇದನ್ನೋ ಇಂಥದ್ದನ್ನೋ ಮಾಡಿಸಿರುವ ಸಾಧ್ಯತೆ ಇದೆ. ಪ್ರತಿ ನಿಮ್ಮ ಕೈಯಲ್ಲಿಲ್ಲದಿದ್ದರೆ ಶಾಖೆಯಿಂದ ಇಂದೇ ಕೇಳಿ ಪಡೆಯಿರಿ. ಸಾಲಕ್ಕೆ ಮಾಡಿಸಿದ ಜೀವವಿಮೆಯನ್ನೇ ಮನೆ ವಿಮೆ ಎಂದುಕೊಂಡು ಕೂತವರೂ ಇದ್ದಾರೆ. ಎರಡೂ ಬೇರೆ.

ಇದು ಹೆಸರಿಸಿದ ಅಪಾಯಗಳಿಗೆ ಮಾತ್ರ ಇರುವ ಪಾಲಿಸಿ. ಪಟ್ಟಿಯಲ್ಲಿರುವ ಘಟನೆ ನಡೆದಿದ್ದರೆ ಪರಿಹಾರ, ಇಲ್ಲದಿದ್ದರೆ ಇಲ್ಲ. ಪಾಯಕ್ಕೆ ಸಂಬಂಧಪಟ್ಟಂತೆ ನೋಡಬೇಕಾದವು ಇಷ್ಟು: ಭೂಕಂಪ, ಬಿರುಗಾಳಿ, ನೆರೆ, ಮನೆಯೊಳಗೆ ನೀರು ನುಗ್ಗುವುದು, ಮನೆ ನಿಂತ ನೆಲದ ಕುಸಿತ, ಭೂಕುಸಿತ, ಬಂಡೆ ಉರುಳುವಿಕೆ, ಮರ ಬೀಳುವುದು, ವಾಹನ ಗುದ್ದುವುದು ಮುಂತಾದ ಹೊರಗಿನ ವಸ್ತುವಿನ ಹೊಡೆತ, ನೀರಿನ ಟ್ಯಾಂಕು, ಪೈಪು ಒಡೆದು ಅಥವಾ ಉಕ್ಕಿ ಆಗುವ ಹಾನಿ. ಹಾಸನ ಜಿಲ್ಲೆಗೆ ಭೂಕಂಪ ಯಾಕೆ ಎನ್ನಬೇಡಿ. 2022ರ ಜೂನ್‌ನಲ್ಲಿ ಹೊಳೆನರಸೀಪುರದ ಕಡೆ ನೆಲ ಕಂಪಿಸಿದ್ದು ಜನರಿಗೆ ನೆನಪಿದೆ.

ನೆಲದ ಕುಸಿತ, ಭೂಕುಸಿತದ ಎದುರಿಗೇ ಐದು ಹೊರಗಿಡುವಿಕೆಗಳಿವೆ, ಅಂದರೆ ಪರಿಹಾರ ಸಿಗದ ಕಾರಣಗಳು. ಪೆನ್ಸಿಲಿನಲ್ಲಿ ಗೆರೆ ಎಳೆದು ಓದಬೇಕಾದ ಜಾಗ ಇದು:

ಹೊಸ ಕಟ್ಟಡ ಸಹಜವಾಗಿ ಕೂರುವುದು, ಅದರಿಂದ ಬರುವ ಮಾಮೂಲಿ ಬಿರುಕು. ತುಂಬಿಸಿದ ನೆಲ ಕೂರುವುದು ಅಥವಾ ಸರಿಯುವುದು. ಸಮುದ್ರ, ನದಿ ದಂಡೆಯ ಕೊರೆತ. ಅಂದರೆ ಹೇಮಾವತಿ, ತುಂಗಾ, ಭದ್ರಾ ದಡ ವರ್ಷವರ್ಷ ಕೊರೆದು ಮನೆ ಬುಡಕ್ಕೆ ಬಂದರೆ ಅದು ಪಾಲಿಸಿಯ ಹೊರಗೆ. ದೋಷವಿರುವ ವಿನ್ಯಾಸ, ಕಳಪೆ ಕೆಲಸ, ಕಳಪೆ ಸಾಮಾನು. ಕೊನೆಯದು ಕೆಡವುವಿಕೆ, ನಿರ್ಮಾಣ, ರಿಪೇರಿ, ಅಗೆತ. ಪಕ್ಕದ ಸೈಟಿನವರು ಜೆಸಿಬಿ ತಂದು ನಿಮ್ಮ ಪಾಯದ ಬುಡಕ್ಕೇ ಧರೆ ಕಡಿದು, ಮೊದಲ ಮಳೆಗೆ ನಿಮ್ಮ ಮೂಲೆ ಇಳಿದರೆ ಈ ಐದನೆಯದು ಅಡ್ಡ ಬರುತ್ತದೆ. ಆಗ ದಾರಿ ವಿಮೆಯಲ್ಲ, ಕಡಿಸಿದವರ ಮೇಲೆ ಲಿಖಿತ ನೋಟಿಸು. ಕಡಿಯುವುದು ಕಂಡ ದಿನವೇ ಫೋಟೊ ತೆಗೆದು ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪೈಪಿನ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಸಂಪಿನ ಪೈಪು ರಾತ್ರಿ ಒಡೆದು ಪಾಯದಡಿಯ ಮಣ್ಣು ಕೊಚ್ಚಿಹೋದರೆ ಅದು ಘಟನೆ. ಬಚ್ಚಲ ನೀರು ಎರಡು ವರ್ಷ ಗೋಡೆ ಬುಡದಲ್ಲೇ ಇಂಗಿ ಪಾಯ ಮೆತ್ತಗಾದರೆ ಅದನ್ನು ‘ಒಡೆದದ್ದು’ ಎನ್ನಲು ಬರುವುದಿಲ್ಲ. ಅಜ್ಜಂಪುರ ಕಡೆಯ ಎರೆಮಣ್ಣಿನಲ್ಲಿ ಬೇಸಿಗೆಗೆ ಬಾಯಿ ಬಿಟ್ಟು ಮಳೆಗೆ ಮುಚ್ಚಿಕೊಳ್ಳುವ ಬಿರುಕುಗಳದ್ದೂ ಇದೇ ಕಥೆ. ಮಣ್ಣು ಹಿಗ್ಗಿ ಕುಗ್ಗುವುದನ್ನು ಲೆಕ್ಕಿಸದೆ ಹಾಕಿದ ಪಾಯ ಎಂದು ವಿನ್ಯಾಸದ ದೋಷಕ್ಕೆ ಸೇರಿಸುತ್ತಾರೆ. ಅಲ್ಲಿ ಕ್ಲೇಮಿನ ಹಿಂದೆ ಓಡಾಡುವ ದುಡ್ಡನ್ನು ಒಳ್ಳೆಯ ಸ್ಟ್ರಕ್ಚರಲ್ ಎಂಜಿನಿಯರಿಗೆ ಕೊಡುವುದು ಲೇಸು.

ಹಂತ 2: ವಿಮಾ ಮೊತ್ತ ಸರಿ ಮಾಡಿ, ತಡೆಗೋಡೆ ಬರೆಸಿ

ಈ ಪಾಲಿಸಿಯಲ್ಲಿ ಮೊತ್ತ ಲೆಕ್ಕ ಹಾಕುವುದು ಮಾರುಕಟ್ಟೆ ಬೆಲೆಯ ಮೇಲಲ್ಲ, ಸಾಲದ ಬಾಕಿಯ ಮೇಲೂ ಅಲ್ಲ. ಮನೆಯ ಕಾರ್ಪೆಟ್ ವಿಸ್ತೀರ್ಣವನ್ನು (ಗೋಡೆಗಳ ಒಳಗೆ ಬಳಸಲು ಸಿಗುವ ನೆಲ) ಇಂದು ಅಂಥ ಮನೆ ಕಟ್ಟಲು ತಗಲುವ ಚದರ ಮೀಟರ್ ದರದಿಂದ ಗುಣಿಸಬೇಕು. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. ಕಾಂಪೌಂಡ್ ಗೋಡೆ, ತಡೆಗೋಡೆ, ಸೆಪ್ಟಿಕ್ ಟ್ಯಾಂಕು, ನೀರಿನ ತೊಟ್ಟಿ, ವಾಹನ ನಿಲ್ಲಿಸುವ ಕಟ್ಟಡ ಇವೆಲ್ಲ ಹೆಚ್ಚುವರಿ ರಚನೆಗಳು. ಇವುಗಳ ಬೆಲೆಯನ್ನು ಪ್ರತ್ಯೇಕವಾಗಿ ಸೇರಿಸಬೇಕು.

ಉದಾಹರಣೆಗೆ 100 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣದ ಮನೆ, ಚದರ ಮೀಟರಿಗೆ 22,000 ರೂಪಾಯಿ ಎಂದಿಟ್ಟುಕೊಳ್ಳಿ: 22 ಲಕ್ಷ. ಹಿಂದೆ 20 ಮೀಟರ್ ಉದ್ದದ ಸೈಜುಗಲ್ಲಿನ ತಡೆಗೋಡೆ, ಮೀಟರಿಗೆ 15,000 ರೂಪಾಯಿಯಂತೆ 3 ಲಕ್ಷ. ಒಟ್ಟು 25 ಲಕ್ಷ. ಮಲೆನಾಡಿನಲ್ಲಿ ಮನೆ ಪಾಯವನ್ನು ಹಿಡಿದು ನಿಲ್ಲಿಸುವುದು ಎಷ್ಟೋ ಕಡೆ ಆ ತಡೆಗೋಡೆಯೇ, ಮೊದಲು ಬೀಳುವುದೂ ಅದೇ. ಆದರೂ ಪಾಲಿಸಿ ಕೊಳ್ಳುವಾಗ ತುಂಬುವ ಪ್ರಪೋಸಲ್ ಫಾರಂನಲ್ಲಿ ಅದನ್ನು ಬರೆಸುವವರು ಕಡಿಮೆ. ಏಜೆಂಟರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಮನೆಗೆ ಕೋಣೆ ಸೇರಿಸಿ ಕಾರ್ಪೆಟ್ ವಿಸ್ತೀರ್ಣ ಶೇ 10ಕ್ಕಿಂತ ಹೆಚ್ಚಾಗಿದ್ದರೆ ಕಂಪನಿಗೆ ತಿಳಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ನಮೂದು ಮಾಡಿಸಿ. ಇಲ್ಲದಿದ್ದರೆ ಆ ಸೇರ್ಪಡೆಗೆ ರಕ್ಷಣೆ ಇರುವುದಿಲ್ಲ. ಗೋಡೆ ಮಣ್ಣಿನದೋ, ಕೆಂಪುಕಲ್ಲಿನದೋ, ಸೂರು ಹಂಚಿನದೋ ಆರ್‌ಸಿಸಿಯದೋ, ಇದ್ದದ್ದನ್ನು ಇದ್ದಹಾಗೆ ಬರೆಸಿ.

ಇನ್ನು ಮೂರು ಮಾತು ಬೇಗ ಹೇಳಿ ಮುಗಿಸೋಣ. ಹೋಮ್‌ಸ್ಟೇ ನಡೆಸುತ್ತಿದ್ದರೆ ಅದನ್ನು ಪ್ರಪೋಸಲ್‌ನಲ್ಲೇ ಬರೆದು ಕಂಪನಿಯ ಉತ್ತರವನ್ನು ಲಿಖಿತವಾಗಿ ಪಡೆಯಿರಿ. ವ್ಯಾಪಾರದ ಕಟ್ಟಡಗಳಿಗೆ 5 ಕೋಟಿ ರೂಪಾಯಿವರೆಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಬೇರೆಯದೇ ಪಾಲಿಸಿ ಇದೆ. ಅಜ್ಜನ ಹೆಸರಲ್ಲೇ ಖಾತೆ ಉಳಿದಿರುವ ಹಳೆ ಮನೆಯಾದರೆ ಪೌತಿ ಖಾತೆ ಮಾಡಿಸಿಕೊಳ್ಳಿ, ಇಲ್ಲವೇ ವಂಶವೃಕ್ಷ ಇಟ್ಟು ವಾರಸುದಾರರೆಲ್ಲರ ಹೆಸರಲ್ಲಿ ಪಾಲಿಸಿ ಮಾಡಿಸಿ, ಇಲ್ಲದಿದ್ದರೆ ಚೆಕ್ಕು ಬರೆಯುವ ಹೊತ್ತಿಗೆ ತಕರಾರು ಶುರು. ಮತ್ತೆ ಆನೆ. ಹೊಡೆತದ ಷರತ್ತಿನಲ್ಲಿ ಉದಾಹರಣೆಗೆ ಕೊಟ್ಟಿರುವುದು ವಾಹನ, ಮರ, ವಿಮಾನ, ಗೋಡೆ. ಆಲೂರು, ಸಕಲೇಶಪುರ, ಬೇಲೂರು ಕಡೆಯವರು ಆನೆ ಗೋಡೆ ಕೆಡವಿದರೆ ಏನು ಎಂದು ಪಾಲಿಸಿ ಕೊಳ್ಳುವ ಮೊದಲೇ ಇಮೇಲ್ ಮಾಡಿ ಕೇಳಿಟ್ಟುಕೊಳ್ಳಿ. ಬಾಯಿಮಾತಿನ ‘ಬರುತ್ತೆ ಸಾರ್’ ನಂಬಬೇಡಿ.

ಹಂತ 3: ಮೇ ತಿಂಗಳಲ್ಲಿ ಮನೆಯ ದಾಖಲೆ ಮಾಡಿಡಿ

ಅರ್ಧ ದಿನದ ಕೆಲಸ. ಕ್ಲೇಮು ನಿಲ್ಲುವುದೋ ಬೀಳುವುದೋ ಬಹುಪಾಲು ಇದರ ಮೇಲೆ.

ಮನೆಯ ನಾಲ್ಕೂ ಮುಖ, ಪಾಯದ ಸುತ್ತ, ಹಿಂದಿನ ಧರೆ, ತಡೆಗೋಡೆ, ಚರಂಡಿ, ಒಳಗಿನ ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಇರುವ ಬಿರುಕುಗಳನ್ನು ಮುಚ್ಚಿಡಬೇಡಿ. ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ, ಪಕ್ಕದಲ್ಲಿ ಸ್ಕೇಲಿಟ್ಟು ಫೋಟೊ ತೆಗೆಯಿರಿ. ಹಳೆ ಬಿರುಕು ಹಳೆಯದು ಎಂದು ನೀವೇ ದಾಖಲಿಸಿದ್ದರೆ ಹೊಸದನ್ನು ಹೊಸದು ಎಂದಾಗ ನಂಬುತ್ತಾರೆ. ಎಲ್ಲವನ್ನೂ ನಿಮಗೇ ಇಮೇಲ್ ಮಾಡಿಕೊಳ್ಳಿ; ತಾರೀಖಿಗೆ ಅದೇ ಸಾಕ್ಷಿ.

ಆಮೇಲೆ ಪಾಯದ ಮಟ್ಟ. ಗಾರೆಯವರ ಹತ್ತಿರ ಇರುವ ನೀರಿನ ಲೆವೆಲ್ ಟ್ಯೂಬು ಸಾಕು: 10 ಮಿ.ಮೀ. ದಪ್ಪದ ಪಾರದರ್ಶಕ ಪೈಪು, 15 ಮೀಟರ್. ನೀರು ತುಂಬಿಸುವಾಗ ಒಂದು ತುದಿಯಿಂದ ನಿಧಾನ ಬಿಡಿ, ಒಳಗೆ ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ. ಎರಡೂ ತುದಿ ಒಟ್ಟಿಗೆ ಹಿಡಿದು ನೀರು ಸಮ ನಿಂತಿದೆಯೇ ನೋಡಿ. ಗುಡ್ಡ ಕಡಿದ ಬದಿಯ ಗಟ್ಟಿ ಮೂಲೆಯನ್ನು ಆಧಾರ ಮಾಡಿಕೊಂಡು ಅಲ್ಲಿ ಪ್ಲಿಂತ್ (ಪಾಯದ ಮೇಲಂಚು) ಮಟ್ಟದಿಂದ ಸರಿಯಾಗಿ 1 ಮೀಟರ್ ಮೇಲೆ ಗುರುತು ಹಾಕಿ. ಟ್ಯೂಬಿನ ಒಂದು ತುದಿಯ ನೀರು ಆ ಗುರುತಿಗೆ ನಿಲ್ಲಲಿ. ಇನ್ನೊಂದು ತುದಿಯನ್ನು ಉಳಿದ ಮೂಲೆಗಳಿಗೆ ಒಯ್ದು ನೀರಿನ ಗೆರೆ ಗುರುತಿಸಿ, ಅಲ್ಲಿಂದ ಪ್ಲಿಂತ್‌ವರೆಗೆ ಟೇಪಿನಲ್ಲಿ ಅಳೆಯಿರಿ. 1,004, 1,011 ಹೀಗೆ ಮಿ.ಮೀ. ಲೆಕ್ಕದಲ್ಲಿ ಬರೆದಿಡಿ. ಕಟ್ಟುವಾಗಲೇ ಸ್ವಲ್ಪ ಏರುಪೇರು ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಕ್ಟೋಬರ್‌ನಲ್ಲಿ ಅದೇ ಬಿಂದುಗಳನ್ನು ಮತ್ತೆ ಅಳೆದಾಗ 2–3 ಮಿ.ಮೀ. ವ್ಯತ್ಯಾಸ ಕೈತಪ್ಪು, 10 ಮಿ.ಮೀ. ದಾಟಿದರೆ ಎಂಜಿನಿಯರನ್ನು ಕರೆಸಿ. ಐದು ಮಳೆಗಾಲ ಅಲುಗದ ಮೂಲೆ ಧರೆ ಜಾರಿದ ವಾರ 30 ಮಿ.ಮೀ. ಇಳಿದಿದೆ ಎಂದು ತೋರಿಸುವ ಚೀಟಿ ಕೈಯಲ್ಲಿದ್ದರೆ ‘ಮೊದಲಿಂದಲೂ ಕೂರುತ್ತಿತ್ತು’ ಎಂಬ ವಾದ ನಿಲ್ಲುವುದಿಲ್ಲ.

ಹಂತ 4: ಬಿರುಕನ್ನು ಓದಿ

ಎಲ್ಲ ಬಿರುಕೂ ಪಾಯದ್ದಲ್ಲ. ತಾರಸಿಯ ಕೆಳಗೇ ಗೋಡೆಯುದ್ದಕ್ಕೆ ಅಡ್ಡ ಬಂದಿದ್ದರೆ ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗಿದ್ದು. ಕಾಂಕ್ರೀಟು ಕಂಬ ಮತ್ತು ಇಟ್ಟಿಗೆ ಸೇರುವಲ್ಲಿ ನೇರ ನಿಂತ ಸಣ್ಣ ಬಿರುಕು ಎರಡು ಸಾಮಾನುಗಳ ಹೊಂದಾಣಿಕೆಯ ಸಮಸ್ಯೆ. ಪಾಯದ ಬಿರುಕು ಸಾಮಾನ್ಯವಾಗಿ ಓರೆಯಾಗಿ, ಇಟ್ಟಿಗೆ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ, ಕಿಟಕಿ ಬಾಗಿಲುಗಳ ಮೂಲೆಯಿಂದ ಶುರುವಾಗುತ್ತದೆ. ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಗೋಡೆಯ ತುದಿ ಇಳಿದಿದೆ. ಕೆಳಗೇ ಅಗಲವಾಗಿದ್ದರೆ ನಡು ಇಳಿದಿದೆ. 5 ಮಿ.ಮೀ.ಗಿಂತ ಹೆಚ್ಚು ಅಗಲವಾದರೆ ಮೇಸ್ತ್ರಿಗೆ ಬಿಡದೆ ಎಂಜಿನಿಯರನ್ನು ಕರೆಸಿ. 15 ದಾಟಿದರೆ ಆ ಕೋಣೆಯಲ್ಲಿ ಮಲಗಬೇಡಿ.

ಬಾಗಿಲು ಹಿಡಿಯುವುದನ್ನು ಲಕ್ಷಣ ಎನ್ನುತ್ತಾರೆ. ನಮ್ಮ ಕಡೆ ಜುಲೈನಲ್ಲಿ ಮರ ಉಬ್ಬಿ ಎಲ್ಲ ಬಾಗಿಲೂ ಹಿಡಿಯುತ್ತವೆ. ಮಾರ್ಚಿನಲ್ಲೂ ಹಿಡಿದರೆ ಯೋಚಿಸಿ.

ಬಿರುಕು ಇನ್ನೂ ಬೆಳೆಯುತ್ತಿದೆಯೇ ತಿಳಿಯಲು ತೆಳು ಗಾಜಿನ ಪಟ್ಟಿಯನ್ನು ಅಡ್ಡಕ್ಕಿಟ್ಟು ಎರಡೂ ತುದಿಗೆ ಎಪಾಕ್ಸಿ ಹಚ್ಚಿ, ಗಾಜಿನ ಮೇಲೆ ತಾರೀಖು ಬರೆಯಿರಿ. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಗಾರೆಯನ್ನು ಕೆರೆದು ಇಟ್ಟಿಗೆಗೆ ಅಂಟಿಸಬೇಕು; ಸುಣ್ಣದ ಪದರದ ಮೇಲೆ ಅಂಟಿಸಿದರೆ ಪದರವೇ ಕಿತ್ತು ಬರುತ್ತದೆ, ಗಾಜು ಒಡೆಯುವುದಿಲ್ಲ.

ಹಂತ 5: ಘಟನೆ ನಡೆದ ಮೊದಲ ಎರಡು ದಿನ

ಮೊದಲು ಜನ, ದನ ಹೊರಗೆ, ಕರೆಂಟು ಆಫ್. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಬಂದ ರೀತಿ ನೆನೆದರೆ ಫೋಟೊಗಾಗಿ ಒಳಗೆ ಹೋಗುವ ಮಾತೇ ಬೇಡ.

ಅದೇ ದಿನ ಕಂಪನಿಗೆ ಫೋನು ಮತ್ತು ಇಮೇಲ್ ಎರಡೂ ಮಾಡಿ, ಕ್ಲೇಮ್ ಸಂಖ್ಯೆ ಬರೆದುಕೊಳ್ಳಿ. ಹಾನಿ ಮೊದಲು ಗಮನಕ್ಕೆ ಬಂದ ದಿನದಿಂದ 30 ದಿನದೊಳಗೆ ಕ್ಲೇಮ್ ಫಾರಂ ತಲುಪಬೇಕು. ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಸ್ಥಳ ಮಹಜರು ಮಾಡಿಸಿ, ಪ್ರತಿ ಕೇಳಿ. ಸರ್ಕಾರದ ಪರಿಹಾರಕ್ಕೂ ಅದು ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತದೆ. ಆ ವಾರದ ಅಂಕಿಅಂಶ ತೆಗೆದಿಡಿ. ಪಕ್ಕದ ಎಸ್ಟೇಟಿನ ಮಳೆ ಪುಸ್ತಕವೂ ಒಳ್ಳೆಯ ದಾಖಲೆ. ಕಾಫಿ ತೋಟಗಳಲ್ಲಿ ದಿನದಿನದ ಮಳೆ ಬರೆದಿಡುವ ರೂಢಿ ಹಳೆಯದು, ಅದರ ಪುಟದ ಫೋಟೊ ಕೇಳಿ ಪಡೆಯಿರಿ.

ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯ, ಪಾಲಿಸಿಯ ಷರತ್ತೂ ಹೌದು. ಟಾರ್ಪಾಲು ಹೊದಿಸಿ, ಮೇಲಿನ ನೀರನ್ನು ಬೇರೆ ಕಡೆ ತಿರುಗಿಸಿ, ತೊಲೆಗಳಿಗೆ ಜಾಕು ಕೊಡಿ. ಪ್ರತಿಯೊಂದಕ್ಕೂ ಮೊದಲು ಫೋಟೊ, ಆಮೇಲೆ ಬಿಲ್ಲು. ಆದರೆ ಬಿರುಕಿಗೆ ಸಿಮೆಂಟು ಮೆತ್ತಬೇಡಿ, ಬಿದ್ದ ಮಣ್ಣನ್ನು ಪೂರ್ತಿ ಎತ್ತಿಸಬೇಡಿ. ಜಾರಿ ಬಂದ ಮಣ್ಣು ಪಾಯಕ್ಕೆ ಒತ್ತಿ ನಿಂತಿರುವುದನ್ನು ಹಾನಿ ಅಂದಾಜಿಸಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಕಣ್ಣಾರೆ ನೋಡಬೇಕು. ದಾರಿಗೆ ಅಡ್ಡವಿದ್ದಷ್ಟನ್ನು ಮಾತ್ರ ಸರಿಸಿ.

ಫಾರಂನಲ್ಲಿ ಬರೆಯುವ ಮಾತು ಅಳೆದು ತೂಗಿ ಇರಲಿ. ‘ಮಳೆಗೆ ಪಾಯ ಕೂತಿದೆ’ ಎಂದು ಬರೆದರೆ ನೀವಾಗಿಯೇ ಹೊರಗಿಡುವಿಕೆಯ ಪದ ಬಳಸಿದಂತೆ. ನಡೆದದ್ದು ಧರೆ ಕುಸಿತವಾದರೆ ಹಾಗೇ ಬರೆಯಿರಿ: ಇಂಥ ದಿನ ಇಷ್ಟು ಗಂಟೆಗೆ ಮನೆಯ ಪಶ್ಚಿಮದ ಧರೆ ಸುಮಾರು ಇಷ್ಟು ಮೀಟರ್ ಉದ್ದ ಜಾರಿತು, ತಡೆಗೋಡೆ ಉರುಳಿತು, ನೈರುತ್ಯ ಮೂಲೆಯ ಪಾಯ ಸರಿಯಿತು. ನಡೆಯದ್ದನ್ನು ಮಾತ್ರ ಬರೆಯಬೇಡಿ. ಹಳೆ ಬಿರುಕಿನೊಳಗೆ ಜೇಡನ ಬಲೆ, ಸುಣ್ಣದ ಬಣ್ಣ ಇಳಿದಿರುತ್ತದೆ. ಅದು ಒಂದು ಟಾರ್ಚಿಗೇ ಸಿಕ್ಕಿಬೀಳುತ್ತದೆ, ಮತ್ತೆ ನಿಜವಾದ ಹಾನಿಯ ಹಣವೂ ಹೋಗುತ್ತದೆ.

ಹಂತ 6: ಸರ್ವೇಯರ್, ಎಂಜಿನಿಯರ್, ಅಂದಾಜು ಪಟ್ಟಿ

2024ರ ಜೂನ್‌ನ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನಿಸಬೇಕು. ಸರ್ವೇಯರ್ ಬಂದ ದಿನ ನಿಮ್ಮ ಕಡೆಯ ಎಂಜಿನಿಯರೂ ಸ್ಥಳದಲ್ಲಿರಲಿ. ಪಾಯ ಕಾಣುವಂತೆ ಹಾನಿಯಾದ ಮೂಲೆಯಲ್ಲಿ ಒಂದು, ಹಾನಿಯಾಗದ ಮೂಲೆಯಲ್ಲಿ ಒಂದು ಗುಂಡಿ ತೆಗೆಸಿ. ಎಂಜಿನಿಯರ್ ಒಪ್ಪಿದ ಜಾಗದಲ್ಲಿ ಮಾತ್ರ, ಪಾಯದ ತಳಕ್ಕಿಂತ ಕೆಳಗೆ ಹೋಗದಂತೆ. ಪಾಯ ಮೂಲಮಣ್ಣಿನ ಮೇಲೆ ನಿಂತಿದೆಯೋ ತುಂಬುಮಣ್ಣಿನ ಮೇಲೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮೂಲಮಣ್ಣಾದರೆ ಬಣ್ಣ ಒಂದೇ ಸಮ, ಹಾರೆಗೆ ಗಟ್ಟಿ. ತುಂಬಿದ್ದಾದರೆ ನಡುವೆ ಬೇರು, ಇಟ್ಟಿಗೆ ಚೂರು, ಬೇರೆ ಬೇರೆ ಬಣ್ಣದ ಪದರ.

ಎಂಜಿನಿಯರ ವರದಿ ಮೂರು ಪ್ರಶ್ನೆಗೆ ಉತ್ತರಿಸಬೇಕು: ಏನು ಹಾನಿ, ಯಾವ ಘಟನೆಯಿಂದ, ಬೇರೆ ಕಾರಣವಲ್ಲ ಎಂದು ಹೇಗೆ ಗೊತ್ತು. ಮೂರನೆಯದನ್ನು ಬಿಟ್ಟ ವರದಿಗೆ ಬೆಲೆ ಕಡಿಮೆ.

ಅಂದಾಜು ಪಟ್ಟಿಯನ್ನು ಒಂದೇ ಮೊತ್ತದಲ್ಲಿ ಕೊಡಬೇಡಿ. ಮೊದಲಿದ್ದ ಸ್ಥಿತಿಗೆ ತರುವ ಕೆಲಸ ಒಂದು ಭಾಗ: ಸರಿದ ಪಾಯದಡಿಗೆ ಕಾಂಕ್ರೀಟು ತುಂಬುವುದು, ಬಿದ್ದ ಕಲ್ಲುಕಟ್ಟಡ ಮತ್ತೆ ಕಟ್ಟುವುದು, ಬಿರುಕಿಗೆ ಕಂಬಿ ಹಾಕಿ ಹೊಲಿಯುವುದು, ನೆಲ, ಗಾರೆ, ಬಣ್ಣ. ಎರಡನೆಯದು ಎಂಜಿನಿಯರ ಶುಲ್ಕ ಮತ್ತು ಅವಶೇಷ ತೆರವು. ಪಾಲಿಸಿ ಶುಲ್ಕಕ್ಕೆ ಕ್ಲೇಮಿನ ಶೇ 5, ತೆರವಿಗೆ ಶೇ 2ರವರೆಗೆ ಕೊಡುತ್ತದೆ. 6 ಲಕ್ಷದ ಕ್ಲೇಮಿಗೆ 30,000 ಮತ್ತು 12,000. ಕ್ಲೇಮು ತಯಾರಿಸುವ ಖರ್ಚು ಮಾತ್ರ ಬರುವುದಿಲ್ಲ. ಮೂರನೆಯ ಭಾಗ ಉತ್ತಮಪಡಿಸುವ ಕೆಲಸ: ಮೊದಲಿಲ್ಲದ ಆರ್‌ಸಿಸಿ ತಡೆಗೋಡೆ, ಹೊಸ ಪ್ಲಿಂತ್ ಬೀಮು, ಆಳದ ಚರಂಡಿ. ಇದು ನಿಮ್ಮ ಖರ್ಚು. ಮೂರನ್ನೂ ಕಲಸಿದರೆ ಸರ್ವೇಯರ್ ತಮಗೆ ತೋಚಿದಂತೆ ಕತ್ತರಿ ಹಾಕುತ್ತಾರೆ, ಆ ಕತ್ತರಿ ಮೊದಲ ಭಾಗಕ್ಕೂ ತಾಗುತ್ತದೆ.

ಮನೆ ವಾಸಕ್ಕೆ ಯೋಗ್ಯವಲ್ಲದಿದ್ದರೆ ಆರ್ಕಿಟೆಕ್ಟ್ ಅಥವಾ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ ಪಡೆದು ಬದಲಿ ಮನೆಯ ಬಾಡಿಗೆ ಕೇಳಿ. ದುರಸ್ತಿಗೆ ಬೇಕಾದ ಕಾಲಕ್ಕೆ, ಗರಿಷ್ಠ ಮೂರು ವರ್ಷದವರೆಗೆ ಅದಕ್ಕೆ ಅವಕಾಶವಿದೆ. ಇದನ್ನು ಕೇಳದೆ ಬಿಡುವವರೇ ಹೆಚ್ಚು.

ಪಾಯದಡಿ ಕಾಂಕ್ರೀಟು ತುಂಬುವಾಗ ಒಂದು ಬಾರಿಗೆ 1ರಿಂದ 1.2 ಮೀಟರ್ ಉದ್ದ ಮಾತ್ರ ಅಗೆಯಬೇಕು, ಒಂದು ಬಿಟ್ಟು ಒಂದರಂತೆ. ಅಕ್ಕಪಕ್ಕದ ಎರಡು ಗುಂಡಿ ಒಟ್ಟಿಗೆ ತೆರೆದರೆ ಗೋಡೆಗೆ ಆಧಾರವೇ ಇರುವುದಿಲ್ಲ. ಬೇಗ ಮುಗಿಸುತ್ತೇನೆಂದು ಇಡೀ ಉದ್ದಕ್ಕೆ ಬಗೆಯುವ ಮೇಸ್ತ್ರಿಯನ್ನು ಅಲ್ಲೇ ತಡೆಯಿರಿ, ಯಾಕೆಂದರೆ ರಿಪೇರಿ ವೇಳೆ ಅಗೆತದಿಂದ ಬಿದ್ದ ಗೋಡೆ ಮತ್ತೆ ಹೊರಗಿಡುವಿಕೆಗೇ ಸೇರುತ್ತದೆ.

ಹಂತ 7: ತಿರಸ್ಕರಿಸಿದರೆ

ಯಾವ ಷರತ್ತಿನಡಿ ತಿರಸ್ಕಾರ ಎಂದು ಲಿಖಿತವಾಗಿ ಕೇಳಿ, ಸರ್ವೇ ವರದಿಯ ಪ್ರತಿಯನ್ನೂ ಪಡೆಯಿರಿ. ಉತ್ತರವನ್ನು ಆ ಷರತ್ತಿಗಷ್ಟೇ ಸೀಮಿತಗೊಳಿಸಿ. ‘ತುಂಬಿದ ನೆಲ’ ಎಂದಿದ್ದರೆ ಗುಂಡಿಯ ಫೋಟೊ, ‘ಹಳೆ ಬಿರುಕು’ ಎಂದಿದ್ದರೆ ಮೇ ತಿಂಗಳ ದಾಖಲೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಜೊತೆಗೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ; ಒಂದು ವರ್ಷದೊಳಗೆ ಹೋಗಬೇಕು. ಜಿಲ್ಲಾ ಗ್ರಾಹಕರ ಆಯೋಗ ಇನ್ನೊಂದು ದಾರಿ, ಅದಕ್ಕೆ ಎರಡು ವರ್ಷದ ಗಡುವು. ಒಂದೇ ವಿಷಯವನ್ನು ಎರಡೂ ಕಡೆ ಏಕಕಾಲಕ್ಕೆ ಎಳೆಯಲು ಬರುವುದಿಲ್ಲ. ಪಾಯದ ಕ್ಲೇಮಿಗೆ ತಜ್ಞರ ಸಾಕ್ಷ್ಯ ವಿವರವಾಗಿ ಬೇಕಾದಲ್ಲಿ ಆಯೋಗ, ದಾಖಲೆಯೇ ಮಾತಾಡುವಂತಿದ್ದರೆ ಲೋಕಪಾಲರು ಎಂದು ಆರಿಸಿಕೊಳ್ಳಿ.

ಹಣ ಮಂಜೂರಾದಾಗ ಒಪ್ಪಿದ ಮೊತ್ತಕ್ಕಿಂತ ಸ್ವಲ್ಪ ಕಡಿಮೆ ಖಾತೆಗೆ ಬಂದರೆ ಗಾಬರಿಯಾಗಬೇಡಿ. ಕ್ಲೇಮಿನಿಂದ ಇಳಿದ ವಿಮಾ ಮೊತ್ತವನ್ನು ಪಾಲಿಸಿ ಮತ್ತೆ ಪೂರ್ತಿ ಮಾಡುತ್ತದೆ, ಉಳಿದ ಅವಧಿಯ ಪ್ರೀಮಿಯಂ ಹಿಡಿದುಕೊಳ್ಳುವುದು ಅದಕ್ಕೆ. ಸಾಲ ಇದ್ದರೆ ಹಣ ಬ್ಯಾಂಕಿನ ಹೆಸರಿಗೆ ಹೋಗಬಹುದು. ದುರಸ್ತಿಗೆ ಬಿಡುಗಡೆ ಮಾಡುವಂತೆ ಶಾಖೆಗೆ ಮೊದಲೇ ಪತ್ರ ಕೊಡಿ. ದುರಸ್ತಿ ಮುಗಿದ ಮೇಲೆ ಹೊಸ ತಡೆಗೋಡೆಯ ಅಳತೆ, ಬಿಲ್ಲು, ಫೋಟೊ ಕಳಿಸಿ ಅದನ್ನು ಪಾಲಿಸಿಯಲ್ಲಿ ಬರೆಸಿ. ನೀರಿನ ಟ್ಯೂಬು ಹಿಡಿದು ನಾಲ್ಕೂ ಮೂಲೆಯ ಮಟ್ಟವನ್ನು ಹೊಸದಾಗಿ ಅಳೆದು ತಾರೀಖು ಹಾಕಿಡಿ.